ಹಗ್ಗ ಎಳೆದವರಿಗೆ ಧನ್ಯವಾದ

ಒಂದು ಪ್ಲಾಸ್ಟಿಕ್ ಕ್ಲಿಪ್‌ನ ದೆಸೆಯಿಂದ 142 ಕಾರುಗಳನ್ನು ಮತ್ತೆ ಮೇಲೆತ್ತಿ ಅಡಿಭಾಗ ಪರೀಕ್ಷಿಸಬೇಕಾಗಿ ಬಂದಾಗ ನಾನು ಜೋಡಣಾ ವಿಭಾಗದ ಮುಖ್ಯಸ್ಥನಾಗಿ ಒಂದು ವರ್ಷವೂ ಆಗಿರಲಿಲ್ಲ. ಬ್ರೇಕ್ ದ್ರವ ಹರಿಯುವ ಕೊಳವೆಯನ್ನು ಕಾರಿನ ತಳಕ್ಕೆ ಹಿಡಿದಿಡುವ ಕ್ಲಿಪ್ ಅದು. ಹೆಬ್ಬೆರಳಿನಿಂದ ಒತ್ತಿದರೆ ‘ಟಕ್’ ಎಂದು ಸದ್ದು ಮಾಡಿ ಕೂರಬೇಕು. ಆ ದಿನ ಬಂದ ಪೆಟ್ಟಿಗೆಯ ಕ್ಲಿಪ್‌ಗಳು ಕೂರುತ್ತಿದ್ದವು, ಆದರೆ ಸದ್ದು ಮಾಡುತ್ತಿರಲಿಲ್ಲ. ಲೈನಿನ ಕೊನೆಯ ತಪಾಸಣೆಯಲ್ಲಿ ಒಬ್ಬರ ಕೈಗೆ ಜೋತು ಬಿದ್ದ ಕೊಳವೆ ಸಿಕ್ಕಿತು. ಅಷ್ಟು ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಒಂದು ಕಾರೂ ಗೇಟು ದಾಟಿರಲಿಲ್ಲ ಎಂಬುದಷ್ಟೇ ಸಮಾಧಾನ.

ಆ ಜಾಗದಲ್ಲಿ ಕೆಲಸ ಮಾಡುತ್ತಿದ್ದ ಹುಡುಗನಿಗೆ ಬೆಳಿಗ್ಗೆಯೇ ಅನುಮಾನ ಬಂದಿತ್ತಂತೆ. ತಲೆಯ ಮೇಲೆ ಹಗ್ಗ ತೂಗುತ್ತಿತ್ತು. ಎಳೆದರೆ ದೀಪ ಹತ್ತುತ್ತದೆ, ತಂಡದ ಮುಂದಾಳು ಓಡಿ ಬರುತ್ತಾನೆ, ಆ ಕಾರು ಮುಂದಿನ ಗೆರೆ ತಲುಪುವುದರೊಳಗೆ ತೊಂದರೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಎಳೆಯಲಿಲ್ಲವೇಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, “ಕಳೆದ ವಾರ ಬಾಗಿಲಿನ ಗೀರಿಗೆ ಎಳೆದಿದ್ದೆ ಸಾರ್. ನೀವು ಬಂದು ಕೈಗಡಿಯಾರ ನೋಡಿಕೊಂಡಿರಿ” ಎಂದ.

ನಾನು ಅವನನ್ನು ಬೈದಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಗಡಿಯಾರ ನೋಡಿಕೊಂಡಿದ್ದೆ, ಅಷ್ಟೆ. ಅದರ ಬೆಲೆ 142 ಕಾರುಗಳಾಗಿತ್ತು.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ನಮ್ಮ ಲೈನಿನಲ್ಲಿ 63 ಸೆಕೆಂಡಿಗೆ ಒಂದು ಕಾರು ಹೊರಬರಬೇಕು. ನಿಂತ ಒಂದೊಂದು ನಿಮಿಷವೂ ಒಂದೊಂದು ಕಾರಿನ ಕೊರತೆಯಾಗಿ ಪಾಳಿಯ ಕೊನೆಗೆ ಫಲಕದ ಮೇಲೆ ಕೆಂಪಕ್ಷರದಲ್ಲಿ ಕಾಣಿಸುತ್ತದೆ. ಹದಿನೇಳು ವರ್ಷ ಆ ಫಲಕ ನೋಡುತ್ತಾ ಬೆಳೆದವನ ಕಣ್ಣು ತಾನಾಗಿಯೇ ಗಡಿಯಾರದ ಕಡೆ ಹೊರಳುತ್ತದೆ. ನನಗೆ ಬಡ್ತಿ ಸಿಕ್ಕಿದ್ದೂ ಲೈನ್ ನಿಲ್ಲಲು ಬಿಡದವನು ಎಂಬ ಹೆಸರಿನಿಂದಲೇ.

ಆದರೆ ಈ ಹಗ್ಗದ ಹಿಂದಿನ ವಿಚಾರ ನೇರವಾಗಿ ಇದಕ್ಕೆ ವಿರುದ್ಧವಾದದ್ದು. ಅದು ಕಾರಿನಿಂದ ಬಂದದ್ದೂ ಅಲ್ಲ, ಬಟ್ಟೆಯಿಂದ ಬಂದದ್ದು. ಹಗ್ಗದ ಈ ಪದ್ಧತಿಯನ್ನು ಬೆಳೆಸಿದ ಟೊಯೋಟಾ ಕಾರು ಕಂಪನಿಯ ಕುಟುಂಬದ ಹಿರಿಯ ಸಕಿಚಿ ಟೊಯೋಡಾ ಮಗ್ಗಗಳನ್ನು ರೂಪಿಸಿದವರು. 1924ರ ಹೊತ್ತಿಗೆ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗ ಎಳೆಯೊಂದು ಹರಿದರೆ ತಾನೇ ನಿಂತುಬಿಡುತ್ತಿತ್ತು. ನಿಲ್ಲದ ಮಗ್ಗ ವೇಗವಾಗಿ ನೇಯುವುದು ಕೆಟ್ಟ ಬಟ್ಟೆಯನ್ನೇ. ಕಾರಿನ ಲೈನಿನಲ್ಲಿ ಹರಿದ ಎಳೆಯನ್ನು ಗುರುತಿಸಬೇಕಾದವನು ಮನುಷ್ಯ. ಮಗ್ಗಕ್ಕೆ ಮೇಲಧಿಕಾರಿಯ ಮುಖದ ಭಯವಿಲ್ಲ, ಮನುಷ್ಯನಿಗೆ ಇದೆ.

ಮೊದಲು ನಾನು ಮಾಡಿದ ಕೆಲಸ ಹೇಳಿದರೆ ನಗು ಬರುತ್ತದೆ: ಲೈನಿಗೆ ಹೋಗುವಾಗ ಕೈಗಡಿಯಾರ ಬಿಚ್ಚಿಟ್ಟೆ. ದೀಪ ಹತ್ತಿದ ಕಡೆಗೆ ಆದಷ್ಟು ನಾನೇ ಹೋಗಿ, ಬಾಯಿಂದ ಹೊರಡುವ ಮೊದಲ ಮಾತು ‘ಧನ್ಯವಾದ’ ಆಗಿರಬೇಕು ಎಂದು ನಿಶ್ಚಯಿಸಿಕೊಂಡೆ. ಎರಡನೆಯ ಮಾತು ‘ಏನು ಕಾಣಿಸಿತು?’ ಎಂಬುದು. ‘ಯಾರು ಮಾಡಿದ್ದು?’ ಎಂಬ ಪ್ರಶ್ನೆಯನ್ನು ಬಿಟ್ಟೇಬಿಟ್ಟೆ. ಆರಂಭದಲ್ಲಿ ಕೆಲಸಗಾರರು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಗುತ್ತಿದ್ದರು. ಸಾಹೇಬರು ಯಾವುದೋ ತರಬೇತಿ ಮುಗಿಸಿ ಬಂದಿದ್ದಾರೆ, ಎರಡು ವಾರದಲ್ಲಿ ಇಳಿಯುತ್ತದೆ ಎಂದು ಮಾತಾಡಿಕೊಂಡರಂತೆ. ಹಗ್ಗ ಎಳೆಯುವವರ ಸಂಖ್ಯೆ ಏರತೊಡಗಲು ಮೂರು ತಿಂಗಳು ಬೇಕಾಯಿತು.

ಏರಿದ್ದೇ ತಡ, ನನ್ನ ತಲೆ ಕೆಟ್ಟಿತು. ಇಷ್ಟು ಒಳ್ಳೆಯದಾದರೆ ಇನ್ನಷ್ಟು ಮಾಡಿಸೋಣ ಎಂದು ಪ್ರತಿ ತಂಡಕ್ಕೂ ಪಾಳಿಗೆ ಇಂತಿಷ್ಟು ಸಲ ಎಳೆಯಬೇಕು ಎಂಬ ಗುರಿ ಕೊಟ್ಟೆ. ಎಳೆದರು, ಏಕೆ ಎಳೆಯುವುದಿಲ್ಲ? ವಿರಾಮಕ್ಕೆ ಐದು ನಿಮಿಷ ಇರುವಾಗ ದೀಪಗಳು ಸಾಲಾಗಿ ಹತ್ತುತ್ತಿದ್ದವು. ಹದಿನೈದನೆಯ ದಿನ ಗುರಿಯನ್ನು ಹಿಂತೆಗೆದುಕೊಂಡು, ತಪ್ಪು ನನ್ನದೇ ಎಂದು ಪಾಳಿಯ ಸಭೆಯಲ್ಲಿ ನಿಂತು ಹೇಳಿದೆ. ವಿಚಿತ್ರವೆಂದರೆ, ಮೂರು ತಿಂಗಳ ಧನ್ಯವಾದಕ್ಕಿಂತ ಆ ಒಂದು ಒಪ್ಪಿಗೆಯೇ ಹೆಚ್ಚು ಕೆಲಸ ಮಾಡಿತು. ಆಮೇಲೆ ಜನ ತಮ್ಮ ತಪ್ಪುಗಳನ್ನೂ ಹೇಳತೊಡಗಿದರು.

ಎರಡನೆಯದಾಗಿ, ನನ್ನ ಮೇಜನ್ನು ಮಹಡಿಯಿಂದ ಇಳಿಸಿ ರಿಪೇರಿ ಅಂಗಳದ ಮೂಲೆಗೆ ಹಾಕಿಸಿದೆ. ಲೈನಿನಲ್ಲಿ ಸರಿಹೋಗದ ಕಾರುಗಳು ಬಂದು ನಿಲ್ಲುವ ಜಾಗ ಅದು. ಮಹಡಿಯ ವರದಿಗಳು ದಿನಕ್ಕೆ ಇಷ್ಟು ಕಾರು ತಯಾರಾದವು ಎನ್ನುತ್ತಿದ್ದವು. ಅಂಗಳದಲ್ಲಿ ಕೂತರೆ ಅವುಗಳಲ್ಲಿ ಎಷ್ಟು ನಿಜವಾಗಿ ತಯಾರಾಗಿವೆ ಎಂಬುದು ಕಣ್ಣೆದುರಿಗೇ ಇರುತ್ತಿತ್ತು. ಬಣ್ಣದ ವಾಸನೆ, ಸದ್ದಿನಿಂದಾಗಿ ಸುಮ್ಮನೆ ಹರಟಲು ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಅದೂ ಲಾಭವೇ.

ಅಲ್ಲಿ ಕೂತದ್ದರಿಂದ ಒಂದು ಕಹಿ ಸಂಗತಿ ತಿಳಿಯಿತು. ನಮ್ಮಲ್ಲಿ ಎಲ್ಲರೂ ಮೆಚ್ಚುತ್ತಿದ್ದ ಒಬ್ಬ ಹಿರಿಯ ರಿಪೇರಿಗಾರರಿದ್ದರು. ಬಾಗಿಲಿನ ಹೊಂದಿಕೆ ಎಷ್ಟೇ ಕೆಟ್ಟಿರಲಿ, ಅವರ ಕೈ ತಾಗಿದರೆ ಸರಿಹೋಗುತ್ತಿತ್ತು. ತಿಂಗಳ ಉತ್ತಮ ಕೆಲಸಗಾರ ಬಹುಮಾನವನ್ನು ನಾನೇ ಅವರಿಗೆ ಮೂರು ಸಲ ಕೊಟ್ಟಿದ್ದೆ. ಅವರ ಜಾಣ್ಮೆಯಿಂದಾಗಿಯೇ ಬಾಗಿಲು ಕೂರಿಸುವ ಚೌಕಟ್ಟು ಸವೆದು ಓರೆಯಾಗಿರುವುದು ಒಂದೂವರೆ ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ. ಬೆಂಕಿ ಆರಿಸಿದವರಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಿದೆ. ಅವರನ್ನು ಲೈನಿನಲ್ಲಿ ಹೊಸಬರಿಗೆ ಕಲಿಸಲು ಹಾಕಿದೆ. ಅದನ್ನು ಅವರು ಶಿಕ್ಷೆ ಎಂದೇ ತಿಳಿದರು. ಕೆಲಸ ಚೆನ್ನಾಗಿ ಕಲಿಸಿದರು, ನನ್ನನ್ನು ಮಾತ್ರ ಪೂರ್ತಿ ಕ್ಷಮಿಸಲಿಲ್ಲ. ಆ ಬದಲಾವಣೆಗೆ ಮುನ್ನ ಅವರೊಡನೆ ಅರ್ಧ ಗಂಟೆ ಕೂತು ಮಾತಾಡಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಮ್ಮ ಜನ ಈ ಸ್ವಾತಂತ್ರ್ಯವನ್ನು ದುರುಪಯೋಗ ಮಾಡುತ್ತಾರೆ ಎಂದು ಸಹೋದ್ಯೋಗಿಗಳು ವಾದಿಸುತ್ತಿದ್ದರು. ಅವರಿಗೆ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕತೆ ಹೇಳುತ್ತಿದ್ದೆ. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಆ ಕಾರ್ಖಾನೆಯನ್ನು ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ಅದೇ ಜಾಗದಲ್ಲಿ ಮತ್ತೆ ಕಾರು ತಯಾರಿಸತೊಡಗಿತು. ಬಹುಪಾಲು ಕೆಲಸಗಾರರು ಹಳಬರೇ, ಕಾರ್ಮಿಕ ಸಂಘವೂ ಅದೇ. ಆದರೆ ಅವರ ಕೈಗೆ ಈಗ ಹಗ್ಗ ಸಿಕ್ಕಿತ್ತು. ಕೆಲವೇ ಕಾಲದಲ್ಲಿ ಗುಣಮಟ್ಟ ಕಂಪನಿಯ ಅತ್ಯುತ್ತಮ ಕಾರ್ಖಾನೆಗಳ ಮಟ್ಟಕ್ಕೇರಿತು. ಅದೇ ಪದ್ಧತಿಯನ್ನು ತನ್ನ ಬೇರೆ ಕಾರ್ಖಾನೆಗಳಿಗೆ ಒಯ್ಯಲು ಜನರಲ್ ಮೋಟರ್ಸ್ ವರ್ಷಗಟ್ಟಲೆ ಒದ್ದಾಡಿತು. ಹಗ್ಗ ಕಟ್ಟುವುದು ಒಂದು ದಿನದ ಕೆಲಸ. ಎಳೆದವನನ್ನು ಮೇಲ್ವಿಚಾರಕ ನೋಡುವ ನೋಟ ಬದಲಾಗುವುದೇ ಕಷ್ಟ.

ಬಿಡಿಭಾಗ ಪೂರೈಕೆದಾರರ ವಿಷಯದಲ್ಲೂ ಇದೇ ಆಯಿತು. ಆ ಕ್ಲಿಪ್ ತಯಾರಕರಿಗೆ ತಮ್ಮ ಅಚ್ಚು ಸವೆದದ್ದು ಗೊತ್ತಿತ್ತು. ಹೇಳಿದರೆ ದಂಡ, ಹೇಳದಿದ್ದರೆ ಬಚಾವಾಗುವ ಸಾಧ್ಯತೆ. ಯಾರಾದರೂ ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಲಾರಿ ಹೊರಡುವ ಮೊದಲು ದೋಷ ತಿಳಿಸಿದರೆ ದಂಡವಿಲ್ಲ, ಬದಲಿಗೆ ನಮ್ಮ ಒಬ್ಬ ಎಂಜಿನಿಯರ್ ನೆರವಿಗೆ ಬರುತ್ತಾನೆ ಎಂಬ ನಿಯಮ ಮಾಡಿಸಲು ಖರೀದಿ ವಿಭಾಗದೊಂದಿಗೆ ಎಂಟು ತಿಂಗಳು ಜಗಳವಾಡಿದೆ.

ಮೇಲಿನವರ ಮುಂದೆ ಸತ್ಯ ಹೇಳುವುದು ನನಗೂ ಸುಲಭವಿರಲಿಲ್ಲ. 2006ರಲ್ಲಿ ಅಲನ್ ಮುಲಾಲಿ ಫೋರ್ಡ್ ಮುಖ್ಯಸ್ಥರಾಗಿ ಬಂದಾಗ ವಾರದ ಸಭೆಯಲ್ಲಿ ಎಲ್ಲ ವಿಭಾಗಗಳೂ ‘ಎಲ್ಲ ಸರಿಯಿದೆ’ ಎನ್ನುವ ಹಸಿರು ಬಣ್ಣವನ್ನೇ ತೋರಿಸುತ್ತಿದ್ದವು. ಕಂಪನಿ ಆ ವರ್ಷ 12 ಬಿಲಿಯನ್ ಡಾಲರ್‌ಗೂ ಮಿಕ್ಕಿ ನಷ್ಟ ಅನುಭವಿಸಿತು. ಅಲ್ಲಿನ ವಿಭಾಗವೊಂದರ ಮುಖ್ಯಸ್ಥ ಮಾರ್ಕ್ ಫೀಲ್ಡ್ಸ್ ಮೊದಲ ಬಾರಿಗೆ ಹೊಸ ಮಾದರಿಯೊಂದರ ಹಿಂಬಾಗಿಲಿನ ತೊಂದರೆಯನ್ನು ಕೆಂಪಿನಲ್ಲಿ ತೋರಿಸಿದಾಗ ಮುಲಾಲಿ ಚಪ್ಪಾಳೆ ತಟ್ಟಿದರು. ಇದನ್ನು ಓದಿ ಹುರುಪಿನಿಂದ ನಾನೂ ನಮ್ಮ ಸಭೆಯಲ್ಲಿ ಎರಡು ಕೆಂಪು ಗುರುತು ತೋರಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಮುಂದಿನ ತಿಂಗಳೂ ತೋರಿಸಿದೆ. ಧೈರ್ಯದಿಂದಲ್ಲ, ನನ್ನ ಕೆಳಗಿನವರು ನಾನು ಏನು ತೋರಿಸುತ್ತೇನೆ ಎಂದು ನೋಡುತ್ತಿದ್ದರು, ಅದಕ್ಕೆ.

ರಾತ್ರಿ ಪಾಳಿಯೊಂದು ಮಾತ್ರ ಕೊನೆಯವರೆಗೂ ನನ್ನ ಕೈಗೆ ದಕ್ಕಲಿಲ್ಲ. ಹಗಲಿನಲ್ಲಿ ಎಳೆದಷ್ಟು ಹಗ್ಗ ರಾತ್ರಿಯಲ್ಲಿ ಎಳೆಯುತ್ತಿರಲಿಲ್ಲ, ಕಾರುಗಳೂ ಲೈನೂ ಅವೇ ಆಗಿದ್ದರೂ. ವಾರಕ್ಕೊಂದು ರಾತ್ರಿ ನಾನೇ ಹೋಗಿ ನಿಲ್ಲುತ್ತಿದ್ದೆ, ಆ ರಾತ್ರಿ ಸಂಖ್ಯೆ ಏರುತ್ತಿತ್ತು, ಮರುದಿನ ಇಳಿಯುತ್ತಿತ್ತು. ರಾತ್ರಿಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ, ಯಾರನ್ನೂ ಬೈದವನಲ್ಲ. ಒಮ್ಮೆ ಅವನ ಪಕ್ಕದಲ್ಲಿ ನಿಂತಿದ್ದಾಗ ದೀಪ ಹತ್ತಿತು. ಅವನು ಹೊರಡುವ ಮುಂಚೆ ತೋಳನ್ನು ಸ್ವಲ್ಪ ಮಡಚಿ ಮಣಿಕಟ್ಟಿನ ಕಡೆ ನೋಡಿದ.