ಬಾಯಿಲ್ಲದ ಇನ್‌ಚಾರ್ಜ್

ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ನನ್ನನ್ನು ಶಿಫ್ಟ್ ಇನ್‌ಚಾರ್ಜ್ ಮಾಡಿದ ದಿನ ಬೆನ್ನ ಹಿಂದೆ ಕೇಳಿದ ಮಾತು: "ಇವ್ರಿಗೆ ಬಾಯೇ ಇಲ್ವಲ್ಲ, ಹುಡುಗ್ರನ್ನ ಹೇಗೆ ಹಿಡೀತಾರೆ?" ಹೇಳಿದವರ ತಪ್ಪೇನಿಲ್ಲ. ನನಗಿಂತ ಮುಂಚೆ ಆ ಜಾಗದಲ್ಲಿದ್ದವರ ದನಿ ಕಂಪ್ರೆಸರ್ ಸದ್ದನ್ನೂ ಮೀರಿ ಗೇಟಿನವರೆಗೆ ಕೇಳುತ್ತಿತ್ತು. ನಾನೋ, ಕ್ಯಾಂಟೀನಿನಲ್ಲಿ ಇನ್ನೊಂದು ಸೌಟು ಸಾಂಬಾರ್ ಕೇಳೋಕೂ ಹಿಂದೆಮುಂದೆ ನೋಡುವವನು.

ಅದೇ ಹೊತ್ತಿಗೆ ಎಚ್‌ಆರ್‌ನವರು ಸೂಪರ್‌ವೈಸರ್‌ಗಳಿಗೆಲ್ಲ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಮಾಡಿಸಿದರು. ಒಟ್ಟು ಹದಿನಾರು ಬಗೆ, ತಲೆಗೊಂದು ನಾಲ್ಕಕ್ಷರದ ಹಣೆಪಟ್ಟಿ. ನನ್ನದು 'ಐ'ಯಿಂದ ಶುರು, ಅಂದರೆ ಅಂತರ್ಮುಖಿ. ತರಬೇತಿ ಕೊಡಲು ಬಂದವರು "ನೀವು ಸ್ವಲ್ಪ ಓಪನ್ ಆಗ್ಬೇಕು ಸರ್" ಅಂದರು. ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರ ಹಿಡಿದು ಅಮೆರಿಕದ ತಾಯಿ-ಮಗಳು ಕಟ್ಟಿದ ಪರೀಕ್ಷೆ ಇದು, ಇಬ್ಬರಿಗೂ ಮನಶ್ಶಾಸ್ತ್ರದ ಪದವಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎಂಟು ತಿಂಗಳ ನಂತರ ಮತ್ತೆ ಬರೆದು ನೋಡಿದೆ. ನನ್ನ ಕೊನೆಯ ಅಕ್ಷರ ಬದಲಾಗಿತ್ತು!

ಇರಲಿ, ಅವತ್ತು ನಂಬಿದೆ. ಎರಡು ತಿಂಗಳು ಕೂಗಾಡಿದೆ. ಗಂಟಲು ಕಟ್ಟಿತು, ಆದರೆ ಅಳತೆ ತಪ್ಪಿದ ಬಿಡಿಭಾಗಗಳ ರಿಜೆಕ್ಷನ್ ಪಟ್ಟಿ ಇಳಿಯಿತು. ಒಳಗೊಳಗೇ ಬೀಗುತ್ತಿದ್ದೆ. ಒಂದು ರಾತ್ರಿ ಚಿಪ್ಸ್ (ಕೊರೆಯುವಾಗ ಬೀಳುವ ಲೋಹದ ಸುರುಳಿ) ತೊಟ್ಟಿ ತುಂಬಿ ಉಕ್ಕುತ್ತಿತ್ತು ಅಂತ ನಾನೇ ಕೊಕ್ಕೆ ಹಾಕಿ ಎಳೆದೆ. ಸುರುಳಿಗಳ ಅಡಿಯಲ್ಲಿ ಠಣ್ ಅಂದಿತು. ಹದಿನಾಲ್ಕು ಜಾಬ್, ಅಂದರೆ ನಾವು ಮಷಿನ್‌ನಲ್ಲಿ ಕೊರೆಯುವ ಬಿಡಿಭಾಗಗಳು, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದವು.

ಆ ಮಷಿನ್ ನಡೆಸುತ್ತಿದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರು, ಎಲ್ಲರ ಬಾಯಲ್ಲೂ 'ಮೇಷ್ಟ್ರು'. ಅವರಿಗೆ ಬಯ್ಯಲಿಲ್ಲ. ಸಂಯಮವೇನಲ್ಲ, ಏನು ಹೇಳಬೇಕೆಂದೇ ತೋಚಲಿಲ್ಲ. ಪಕ್ಕದಲ್ಲಿ ಹೋಗಿ ನಿಂತೆ. ಮೂರು ಜಾಬ್ ಆಗುವಷ್ಟು ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾಲ್ಕನೆಯದಕ್ಕೆ ಅವರೇ ರಂಧ್ರ ಅಳೆಯುವ ಬೋರ್ ಗೇಜ್ ಕೈಗಿಟ್ಟರು. "ನೋಡಿ ಸರ್, ಈಗ ಓಕೆ ತೋರಿಸ್ತದೆ. ಟೀ ಕುಡ್ಕೊಂಡು ಬಂದು ಹಿಡಿದ್ರೆ ಗೋ ಗೇಜೇ ಒಳಗೆ ಹೋಗಲ್ಲ."

ಗೋ ಗೇಜ್ ಅಂದರೆ ಬೋರ್ ಚಿಕ್ಕದಾಗಿಲ್ಲ ತಾನೇ ಅಂತ ಒಳಗೆ ತೂರಿಸಿ ನೋಡುವ ಸಾಧನ. 25 ಮಿ.ಮೀ. ಬೋರ್, ಅಳತೆಯ ಮಿತಿ ಎಚ್7. ಮೇಲಕ್ಕೆ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಬಿಟ್ಟಿದ್ದಾರೆ, ಕೆಳಕ್ಕೆ ಸೊನ್ನೆ. ತಂಪು ದ್ರವ ಸುರಿಸುವ ಕೂಲಂಟ್ ನಳಿಕೆ ಅರ್ಧ ಕಟ್ಟಿಕೊಂಡು ಜಾಬ್ ಬಿಸಿಬಿಸಿಯಾಗಿಯೇ ಹೊರಬರುತ್ತಿತ್ತು. ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಈ ಅಳತೆಯ ಬೋರ್ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಬಿಸಿಯಲ್ಲಿ ಪ್ಲಸ್ 3 ಇದ್ದದ್ದು ಆರಿದ ಮೇಲೆ ಮೈನಸ್ 3. ಮೇಷ್ಟ್ರಿಗೆ ವಾರದಿಂದ ಗೊತ್ತಿತ್ತು. ಆದರೆ ನನ್ನನ್ನು ಕೇಳದೆ ಆಫ್‌ಸೆಟ್ (ಟೂಲ್ ಎಷ್ಟು ಕೊರೆಯಬೇಕೆಂದು ಮಷಿನ್‌ಗೆ ಕೊಡುವ ತಿದ್ದುಪಡಿ) ಮುಟ್ಟಬಾರದು ಅಂತ ನಾನೇ ಕೂಗಿ ಹೇಳಿದ್ದೆನಲ್ಲ. "ಹೇಳೋಣಾಂತ ಬಂದೆ ಸರ್. ಆಚೆ ಲೈನಲ್ಲಿ ಕೂಗ್ತಿದ್ರಿ, ವಾಪಸ್ ಹೋದೆ." ಬೋರ್ ಚಿಕ್ಕದಾದರೆ ರೀವರ್ಕ್ ಮಾಡಿ ಉಳಿಸಿಕೊಳ್ಳಬಹುದು. ಅಂಥ ಜಾಬನ್ನೂ ಬಚ್ಚಿಡುವ ಸ್ಥಿತಿಗೆ ತಂದಿಟ್ಟಿದ್ದೆ.

ಮರುದಿನದಿಂದ ಶಿಫ್ಟಿನ ಮೊದಲ ಹದಿನೈದು ನಿಮಿಷ ಮಷಿನ್ ಮಷಿನ್‌ಗೂ ಹೋಗಿ "ನಿನ್ನೆ ಏನು ಕೈಕೊಟ್ತು?" ಅಂತ ಕೇಳಿ ಬಾಯಿ ಮುಚ್ಚಿಕೊಂಡೆ. ಹಳಬರಿಗೆ 5 ಮೈಕ್ರಾನ್‌ವರೆಗೆ ಆಫ್‌ಸೆಟ್ ಬಿಟ್ಟುಕೊಟ್ಟು, ಬದಲಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ. ಒಂದು ವಾರ ಯಾರೂ ಪೆನ್ನು ಮುಟ್ಟಲಿಲ್ಲ. ಮೊದಲ ಪುಟದಲ್ಲಿ ನನ್ನದೇ ಎಡವಟ್ಟು ಬರೆದಿಟ್ಟ ಮೇಲೆ ಶುರುವಾಯಿತು. ರಿಜೆಕ್ಷನ್ ಪಟ್ಟಿ ಏರಿತು, ಮ್ಯಾನೇಜರ್ ಕರೆಸಿ ವಿಚಾರಿಸಿದರು. "ಮುಂಚೆ ತೊಟ್ಟಿಯಲ್ಲಿದ್ವು ಸರ್, ಈಗ ಪಟ್ಟಿಗೆ ಬಂದಿವೆ" ಅಂದೆ.

ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಸಂಗಡಿಗರು ಅಮೆರಿಕದ ಪಿಜ್ಜಾ ಅಂಗಡಿಗಳನ್ನು ನೋಡಿ 2011ರಲ್ಲಿ ಬರೆದದ್ದನ್ನು ಓದಿದಾಗ ಸಮಾಧಾನವಾಯಿತು. ಕೆಲಸಗಾರರು ತಾವಾಗಿ ಸಲಹೆ ತರುವ ಕಡೆ ಮಾತಿನ ಮಲ್ಲ ಮುಖ್ಯಸ್ಥರಿದ್ದರೆ ಲಾಭ ಕಡಿಮೆಯಂತೆ. ಹೇಳಿದ್ದನ್ನಷ್ಟೇ ಮಾಡುವ ಕಡೆ ಆ ಮಾತಿನ ಮಲ್ಲರಿಂದಲೇ ಲಾಭ ಹೆಚ್ಚು. ಈ ಎರಡನೇ ಅರ್ಧವನ್ನು ನಾನು ಸರಿಯಾಗಿ ಓದಿಕೊಳ್ಳಲಿಲ್ಲ.

ಐಟಿಐ ಮುಗಿಸಿ ಬಂದ ಹುಡುಗನೊಬ್ಬ ಜಾಬ್ ಕಟ್ಟುತ್ತಿದ್ದ. ಅವನಿಗೆ ಗೊತ್ತಿರುತ್ತದೆ ಅಂದುಕೊಂಡು ನೋಡುತ್ತಾ ನಿಂತೆ. ಮಷಿನ್ ಓಡಿಸುವ ಸೈಕಲ್ ಸ್ಟಾರ್ಟ್ ಗುಂಡಿ ಒತ್ತಿದ, ಟೂಲ್ ಹೋಗಿ ಜಾಬ್ ಹಿಡಿಯುವ ಚಕ್ಕಿನ ದವಡೆಗೆ ಬಡಿಯಿತು. ಬೆವೆತುಹೋಗಿದ್ದ. "ನೀವು ನೋಡಿ ಸುಮ್ನಿದ್ರಿ ಸಾರ್, ಸರಿಯಿದೆ ಅನ್ಕೊಂಡೆ."

ಹಾಗಾಗಿ ಹೊಸಬರಿಗೆ ಈಗ ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತೇನೆ, ಮನೆಯಲ್ಲೇ ಚೀಟಿ ಬರೆದುಕೊಂಡು ಬಂದು. ಜೇಬಿಗೆ ಕೈ ಹೋದರೆ ಸಾಕು, ಮೇಷ್ಟ್ರು ಲೇತ್ ಆಚೆಯಿಂದ ಕೇಳುತ್ತಾರೆ, "ಇವತ್ತು ಎಷ್ಟು ಪಾಯಿಂಟು ಸರ್?"