ಮೈನರ್ ಲೀಗ್‌ನಿಂದ ಯಾವ ಪಿಚರ್ ಬರುತ್ತಾನೆ? ಲೆಕ್ಕ ಹಾಕುವುದು ಹೀಗೆ

ಅಮೆರಿಕದಲ್ಲಿ ನೆಲೆಸಿ ಬೇಸ್‌ಬಾಲ್‌ನ ಗೀಳು ಹತ್ತಿಸಿಕೊಂಡ ಕನ್ನಡಿಗ ಗೆಳೆಯರೊಂದಿಗೆ ಪಂದ್ಯ ನೋಡುವಾಗ ಪ್ರತಿ ಬೇಸಿಗೆಯಲ್ಲೂ ಒಂದೇ ತಕರಾರು ಕಿವಿಗೆ ಬೀಳುತ್ತದೆ. ನಿನ್ನೆ ಮೂರು ಇನ್ನಿಂಗ್ಸ್ ಎಸೆದು ಒಂದು ರನ್ನೂ ಬಿಟ್ಟುಕೊಡದ ಹುಡುಗನನ್ನು ಇವತ್ತು ಬೆಳಿಗ್ಗೆ ಮೈನರ್ ಲೀಗ್‌ಗೆ, ಅಂದರೆ ಅಗ್ರ ಮಟ್ಟದ ಮೇಜರ್ ಲೀಗ್‌ನ ಕೆಳಗಿನ ಹಂತಕ್ಕೆ, ವಾಪಸು ಕಳಿಸಿದ್ದಾರಲ್ಲ, ಇವರಿಗೆ ಬುದ್ಧಿ ಇದೆಯೇ ಎಂದು ಅವರು ಕೇಳುತ್ತಾರೆ. ಆ ಹುಡುಗ ಕೆಳಗಿಳಿದದ್ದು ಆ ಮೂರು ಇನ್ನಿಂಗ್ಸ್‌ನಿಂದಾಗಿಯೇ. ಐವತ್ತು ಎಸೆತ ಹಾಕಿದ ತೋಳಿಗೆ ಮೂರು ನಾಲ್ಕು ದಿನ ವಿಶ್ರಾಂತಿ ಬೇಕು. ಅಷ್ಟು ದಿನ ಸುಮ್ಮನೆ ಕೂರುವವನಿಗೆ ಕೊಡಲು ತಂಡದಲ್ಲಿ ಜಾಗವಿರುವುದಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಟ್ಟನೆ ಹೊಳೆಯದು. ಅಲ್ಲಿ ನಾಯಕನು ಬೌಲರ್‌ನನ್ನು ಬದಲಿಸಿ, ಸಂಜೆ ಅವನನ್ನೇ ಎರಡನೇ ಸ್ಪೆಲ್‌ಗೆ ಕರೆಯಬಹುದು. ಇಲ್ಲಿ ಪಂದ್ಯದಿಂದ ಹೊರಹೋದ ಪಿಚರ್ (ಚೆಂಡು ಎಸೆಯುವವನು) ಆ ಪಂದ್ಯಕ್ಕೆ ಮರಳುವಂತಿಲ್ಲ, ಅದರ ಮೇಲೆ ಆರು ತಿಂಗಳಿಗೆ 162 ಪಂದ್ಯಗಳು.

ನಾಳೆ ಯಾವ ಪಿಚರ್ ಕೆಳಗೆ ಹೋಗಿ ಯಾವನು ಮೇಲೆ ಬರುತ್ತಾನೆಂಬ ಲೆಕ್ಕಕ್ಕೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ತಂಡದ ಅಧಿಕೃತ ಆಟಗಾರರ ಪಟ್ಟಿ ಮತ್ತು ಕಳೆದ ಮೂರು ಪಂದ್ಯಗಳ ಬಾಕ್ಸ್ ಸ್ಕೋರ್ (ಪ್ರತಿ ಆಟಗಾರನ ಅಂಕಿ ಅಂಶಗಳ ಪಟ್ಟಿ) ಇದ್ದರೆ ಸಾಕು. ನಾಳೆ ಯಾರು ಬರುತ್ತಾರೆಂದು ಶೇಕಡಾವಾರು ಭವಿಷ್ಯ ಹೇಳುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ನಾನು ಒಂದು ಋತುವಿಡೀ ಸುರಿದು ನೋಡಿದ್ದೇನೆ. ಅದು 60 ದಿನಗಳ ಗಾಯಾಳು ಪಟ್ಟಿಯಲ್ಲಿ ಮಲಗಿದ್ದವನನ್ನು ವಾರಕ್ಕೆರಡು ಬಾರಿ ಮೈದಾನಕ್ಕೆ ಕರೆತರುತ್ತಿತ್ತು.

ಹಂತ 1: ಹದಿಮೂರು ಹೆಸರುಗಳನ್ನು ಬರೆದುಕೊಳ್ಳಿ. ಪಂದ್ಯಕ್ಕೆ ಲಭ್ಯವಿರುವ 26 ಆಟಗಾರರಲ್ಲಿ ಪಿಚರ್‌ಗಳು 13 ಮಂದಿಯನ್ನು ಮೀರುವಂತಿಲ್ಲ. ಸೆಪ್ಟೆಂಬರ್ 1ರಿಂದ ಈ ಸಂಖ್ಯೆಗಳು 28 ಮತ್ತು 14 ಆಗುತ್ತವೆ. ಬ್ಯಾಟನ್ನೂ ಹಿಡಿಯುವ ಶೋಹೈ ಓಟಾನಿಯಂಥವರು 'ಟೂ ವೇ' ಆಟಗಾರರೆಂದು ಪರಿಗಣಿತರಾದರೆ ಈ ಮಿತಿಯೊಳಗೆ ಬರುವುದಿಲ್ಲ. ಆದ್ದರಿಂದ ಡಾಡ್ಜರ್ಸ್ ತಂಡದ ಲೆಕ್ಕ ಹಾಕುವವರು ಒಂದು ಸಾಲು ಹೆಚ್ಚು ಎಳೆದುಕೊಳ್ಳಬೇಕು.

ಹಂತ 2: ಐವರು ಸ್ಟಾರ್ಟರ್‌ಗಳನ್ನು, ಅಂದರೆ ಪಂದ್ಯ ಆರಂಭಿಸುವ ಪಿಚರ್‌ಗಳನ್ನು, ಬದಿಗಿಡಿ. ಅವರ ಸರದಿ ಐದು ಅಥವಾ ಆರು ದಿನಕ್ಕೊಮ್ಮೆ ಬರುತ್ತದೆ, ಅದಕ್ಕೆ ಪೆನ್ಸಿಲ್ ಬೇಡ.

ಹಂತ 3: ಉಳಿದ ಎಂಟು ರಿಲೀವರ್‌ಗಳ, ಅಂದರೆ ಪಂದ್ಯದ ನಡುವೆ ಇಳಿಯುವ ಪಿಚರ್‌ಗಳ, ಮುಂದೆ ಕಳೆದ ಮೂರು ದಿನಗಳ ಎಸೆತಗಳನ್ನು, ನಿನ್ನೆಯದು ಕೊನೆಗೆ ಬರುವಂತೆ, ಬರೆಯಿರಿ. ರನ್ನುಗಳನ್ನು ಬರೆಯಬೇಡಿ, ಅವು ಇಲ್ಲಿ ದಾರಿ ತಪ್ಪಿಸುತ್ತವೆ. ಸತತ ಎರಡು ದಿನ ಎಸೆದವನು ಮೂರನೆಯ ದಿನ ಸಾಮಾನ್ಯವಾಗಿ ಇಳಿಯುವುದಿಲ್ಲ. ನಿನ್ನೆ ಮೂವತ್ತು ದಾಟಿದವನು ಇವತ್ತು ಕೂರುತ್ತಾನೆ. ನನ್ನ ನೋಟ್‌ಬುಕ್‌ನ ಒಂದು ಸಾಲು '0, 18, 21' ಎಂದಿದ್ದರೆ ಅವನ ಹೆಸರಿನ ಮೇಲೆ ಅಡ್ಡಗೆರೆ ಬೀಳುತ್ತದೆ. '24, 0, 0' ಎಂದಿದ್ದವನು ತಾಜಾ. 2020ರಿಂದ ಜಾರಿಯಲ್ಲಿರುವ ನಿಯಮದಂತೆ ಪ್ರತಿ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು ಅಥವಾ ಆ ಇನ್ನಿಂಗ್ಸ್ ಮುಗಿಸಬೇಕು. ಹೀಗಾಗಿ ದಣಿದವನನ್ನು ಒಬ್ಬನೇ ಬ್ಯಾಟರ್‌ಗೆಂದು ಇಳಿಸಿ ಹೊರಗೆ ಕರೆಯುವ ಹಳೆಯ ಉಪಾಯವೂ ನಡೆಯದು. ಎಂಟರಲ್ಲಿ ನಾಲ್ಕು ಹೆಸರಿಗೆ ಅಡ್ಡಗೆರೆ ಬಿದ್ದಿದ್ದರೆ ನಾಳೆ ಯಾರೋ ಒಬ್ಬರು ಮೇಲೆ ಬರುತ್ತಾರೆಂದು ತಿಳಿಯಿರಿ.

ಹಂತ 4: ಯಾರು ಕೆಳಗೆ ಹೋಗಬಲ್ಲರೆಂದು ನೋಡಿ. ಬಹುಪಾಲು ಜನ ಎಡವುವುದು ಇಲ್ಲಿಯೇ, ಏಕೆಂದರೆ ಅವರು ಕೆಟ್ಟದಾಗಿ ಎಸೆದವನನ್ನು ಹುಡುಕುತ್ತಾರೆ. ಹುಡುಕಬೇಕಾದದ್ದು 'ಆಪ್ಷನ್' ಉಳಿದಿರುವವನನ್ನು. 40 ಮಂದಿಯ ದೊಡ್ಡ ಪಟ್ಟಿಗೆ ಸೇರಿದ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳ ಮಟ್ಟಿಗೆ ಮಾತ್ರ, ಬೇರೆ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡದೆ, ಮೈನರ್ ಲೀಗ್‌ಗೆ ಕಳಿಸಬಹುದು. ಒಂದು ಋತುವಿನಲ್ಲಿ ಹೀಗೆ ಒಟ್ಟು 20 ದಿನ ಕೆಳಗೆ ಕಳೆದರೆ ಒಂದು ಆಪ್ಷನ್ ಖರ್ಚಾದಂತೆ. ಒಂದೇ ಋತುವಿನೊಳಗೆ ಎಷ್ಟು ಬಾರಿಯಾದರೂ ಮೇಲೆ ಕೆಳಗೆ ಓಡಾಡಿಸಬಹುದಾಗಿದ್ದ ಕಾಲವೂ ಇತ್ತು. 2022ರ ಒಪ್ಪಂದದ ನಂತರ ಅದು ಐದು ಬಾರಿಗೆ ಸೀಮಿತವಾಯಿತು, ಆರನೆಯ ಬಾರಿಗೆ ವೇವರ್ಸ್ ಮೂಲಕವೇ ಹೋಗಬೇಕು, ಅಂದರೆ ಉಳಿದ 29 ತಂಡಗಳಲ್ಲಿ ಯಾವುದಾದರೂ ಅವನನ್ನು ಒಯ್ಯಬಹುದು. ಐದು ವರ್ಷ ಮೇಜರ್ ಲೀಗ್ ಸೇವೆ ಪೂರೈಸಿದವನನ್ನಂತೂ ಅವನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ.

ಆದ್ದರಿಂದ ನಾನು ಹದಿಮೂರು ಹೆಸರುಗಳಲ್ಲಿ ಆಪ್ಷನ್ ಮುಗಿದವರ ಸುತ್ತ ಕೆಂಪು ವೃತ್ತ ಎಳೆಯುತ್ತೇನೆ, ನೀವೂ ಎಳೆಯಲೇಬೇಕು. ಕೆಂಪು ವೃತ್ತದವನು ಸತತ ನಾಲ್ಕು ಪಂದ್ಯಗಳಲ್ಲಿ ಹೊಡೆತ ತಿಂದರೂ ಉಳಿಯುತ್ತಾನೆ. ವೃತ್ತವಿಲ್ಲದವನು ಸೊನ್ನೆ ರನ್ ಕೊಟ್ಟೂ ಹೊರಡುತ್ತಾನೆ. ಕಳೆದ ವರ್ಷ ಗೆಳೆಯರೊಬ್ಬರು ಈ ವೃತ್ತಗಳನ್ನು ಎಳೆಯದೆಯೇ ವಾದಕ್ಕಿಳಿದು, ಮೂರು ವಾರ ಸತತವಾಗಿ ಊಟದ ಬಿಲ್ಲು ಕಟ್ಟಿದರು. ವೃತ್ತವಿಲ್ಲದವರು ಯಾರೂ ಸಿಗದಿದ್ದರೆ ಗಾಯಾಳು ಪಟ್ಟಿಯತ್ತ ಕಣ್ಣಿಡಿ. ಪಿಚರ್ ಆ ಪಟ್ಟಿಗೆ ಹೋದರೆ ಕನಿಷ್ಠ 15 ದಿನ ಬರುವಂತಿಲ್ಲ. ಜಾಗ ಬೇಕಾದ ದಿನವೇ ಯಾರದ್ದಾದರೂ ಭುಜ ಬಿಗಿಯುತ್ತದೆ ಎಂಬ ಗುಮಾನಿ ನೋಡುಗರಲ್ಲಿ ಹಳೆಯದು.

ಹಂತ 5: ಈಗ ಬರುವವನನ್ನು ಆರಿಸಿ. ಅವನು 40 ಮಂದಿಯ ಪಟ್ಟಿಯಲ್ಲಿದ್ದಾನೆಯೇ ಎಂಬುದು ಮೊದಲ ಪ್ರಶ್ನೆ. ಇಲ್ಲದಿದ್ದರೆ, ಮತ್ತು ಪಟ್ಟಿ ತುಂಬಿದ್ದರೆ, ಯಾರನ್ನಾದರೂ 60 ದಿನಗಳ ಗಾಯಾಳು ಪಟ್ಟಿಗೆ ದಾಟಿಸಬೇಕು ಅಥವಾ ಪಟ್ಟಿಯಿಂದಲೇ ತೆಗೆಯಬೇಕು. ಒಂದು ರಾತ್ರಿಯ ಎರಡು ಇನ್ನಿಂಗ್ಸ್‌ಗಾಗಿ ತಂಡಗಳು ಅಷ್ಟು ಬೆಲೆ ತೆರಲು ಹಿಂಜರಿಯುತ್ತವೆ. ಎರಡನೆಯದು ಹದಿನೈದು ದಿನಗಳ ನಿಯಮ. ಜೂನ್ 3ರಂದು ಕೆಳಗೆ ಕಳಿಸಿದ ಪಿಚರ್‌ನನ್ನು, ಗಾಯಗೊಂಡವನ ಬದಲಿಗೆ ಅಲ್ಲದಿದ್ದರೆ, 15 ದಿನ ಕಳೆಯುವ ಮೊದಲು ಕರೆಯುವಂತಿಲ್ಲ. ಒಂಬತ್ತೇ ದಿನಗಳ ಹಿಂದೆ ಹೋಗಿದ್ದವನು ಬಂದೇ ಬರುತ್ತಾನೆಂದು ನಾನೇ ಒಮ್ಮೆ ಮನೆಗೆ ಬಂದವರೆದುರು ಸಾರಿ ಮುಖಭಂಗ ಅನುಭವಿಸಿದ ಮೇಲೆ, ಕಳಿಸಿದ ದಿನಾಂಕಕ್ಕೆಂದೇ ಒಂದು ಕಾಲಂ ಹಾಕಿಕೊಂಡಿದ್ದೇನೆ.

ಮೂರನೆಯದು ಅವನ ತೋಳಿನ ಸ್ಥಿತಿ. ಅಲ್ಲಿ ನಿನ್ನೆಯಷ್ಟೇ ಎಸೆದವನು ಇಲ್ಲಿ ಇವತ್ತು ಉಪಯೋಗಕ್ಕೆ ಬಾರನು, ಆದ್ದರಿಂದ ಟ್ರಿಪಲ್ ಎ (ಮೈನರ್ ಲೀಗ್‌ನ ಅತಿ ಮೇಲಿನ ಹಂತ) ತಂಡದ ಬಾಕ್ಸ್ ಸ್ಕೋರನ್ನೂ ತೆರೆಯಿರಿ. ಟ್ರಿಪಲ್ ಎ ಸರಣಿಗಳು ಬಹುತೇಕ ಮಂಗಳವಾರದಿಂದ ಭಾನುವಾರದವರೆಗೆ ನಡೆದು ಸೋಮವಾರ ಎಲ್ಲರಿಗೂ ರಜೆ ಇರುವುದರಿಂದ, ಮಂಗಳವಾರದ ಆಯ್ಕೆ ವಿಶಾಲವಾಗಿರುತ್ತದೆ, ಭಾನುವಾರದ್ದು ಇಕ್ಕಟ್ಟು. ದೂರವನ್ನೂ ಮರೆಯಬೇಡಿ. ಸಿಯಾಟಲ್‌ನ ಮರಿನರ್ಸ್‌ಗೆ ಟಕೋಮಾದಿಂದ, ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್‌ಗೆ ಸ್ಯಾಕ್ರಮೆಂಟೊದಿಂದ ಪಿಚರ್ ಕಾರಿನಲ್ಲೇ ಬರಬಲ್ಲ. ತಂಡ ತವರಿನಲ್ಲಿದ್ದರೆ ಮಧ್ಯಾಹ್ನ ಫೋನ್ ಮಾಡಿದರೂ ನಡೆಯುತ್ತದೆ.

ಹಂತ 6: ದೊಡ್ಡ ಹೆಸರಿನ ಹೊಸಬರಿಗೆ ಈ ಲೆಕ್ಕ ಅನ್ವಯಿಸದು. ಅಲ್ಲಿ ಎಣಿಕೆಯಾಗುವುದು ಸೇವಾ ದಿನಗಳು: 172 ದಿನ ಸೇರಿದರೆ ಒಂದು ವರ್ಷ, ಆರು ವರ್ಷ ತುಂಬಿದರೆ ಆಟಗಾರ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ. ಹೀಗಾಗಿ ಆ ವರ್ಷ ಪೂರ್ತಿಯಾಗದಂತೆ ತಂಡಗಳು ಏಪ್ರಿಲ್ ಕಳೆಯುವವರೆಗೆ ಕಾಯಿಸುವುದುಂಟು. ಪಿಟ್ಸ್‌ಬರ್ಗ್‌ನ ಪೈರೇಟ್ಸ್ ತಂಡವು ಪಾಲ್ ಸ್ಕೀನ್ಸ್‌ನನ್ನು 2024ರ ಮೇ 11ರಂದು ಕಣಕ್ಕಿಳಿಸಿತು. ಆದರೆ ವರ್ಷದ ಹೊಸಬ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಪೂರ್ಣ ವರ್ಷದ ಸೇವೆ ಸಲ್ಲುತ್ತದೆ ಎಂಬ ನಿಯಮವಿದ್ದು, ಪ್ರಶಸ್ತಿ ಗೆದ್ದ ಅವನಿಗೆ ಆ ವರ್ಷ ಪೂರ್ತಿ ದಕ್ಕಿತು.

ಒಂದೇ ದಿನ ಎರಡು ಪಂದ್ಯಗಳಿದ್ದರೆ ತಂಡಕ್ಕೆ 27ನೆಯ ಆಟಗಾರನನ್ನು ಸೇರಿಸಿಕೊಳ್ಳಲು ಅವಕಾಶವಿದೆ. ಅಂದು ಬಂದ ಪಿಚರ್ ಮರುದಿನ ಹೊರಟುಹೋದರೆ ಅವನನ್ನು ಕೆಳಗಿಳಿಸಿದರೆಂದು ಬರೆದುಕೊಳ್ಳಬೇಡಿ. ತಂಡದ ಅಧಿಕೃತ ಪ್ರಕಟಣೆ ಸಾಮಾನ್ಯವಾಗಿ ಪಂದ್ಯಕ್ಕೆ ಕೆಲವು ಗಂಟೆಗಳ ಮೊದಲು ಹೊರಬೀಳುತ್ತದೆ. ಅಲ್ಲಿಯವರೆಗೆ ನೋಟ್‌ಬುಕ್‌ನಲ್ಲಿ ಹೊಸ ಹೆಸರನ್ನು ಪೆನ್ಸಿಲ್‌ನಲ್ಲೇ ಇಡಿ.