ಹತ್ತು ಹತ್ತು ಗಂಟೆ ಕೊಂಡು ಸಿಪಿಎಲ್ ಮುಗಿಸಿದ ಲೆಕ್ಕ

ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತಿಯಾದವರು. ಕೊಡಗಿನಲ್ಲಿ ಸುಮಾರು ಮನೆಗಳಲ್ಲಿ ಇಂಥವರೊಬ್ಬರು ಇರುತ್ತಾರೆ. ಸಿಪಿಎಲ್ ಎನ್ನುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು ಪೈಲಟ್ ಆಗಲಿಕ್ಕೆ 40 ಲಕ್ಷ ಬೇಕು ಅಂತ ನಾನು ಹೇಳಿದ ದಿನ ಅವರು ಕಾಫಿ ಲೋಟ ಕೆಳಗಿಟ್ಟರು. "ನಮ್ಮ ಅಜ್ಜಮಾಡ ದೇವಯ್ಯನವರು 65ರ ಯುದ್ಧದಲ್ಲಿ ಮಿಸ್ಟೇರ್ ವಿಮಾನ ಇಟ್ಟುಕೊಂಡು ಪಾಕಿಸ್ತಾನದ ಸ್ಟಾರ್‌ಫೈಟರನ್ನೇ ಹೊಡೆದರು. ಅವರಿಗೆ ಸರ್ಕಾರ ಸಂಬಳ ಕೊಟ್ಟು ಹಾರಿಸಿತು. ನೀನು ದುಡ್ಡು ಕೊಟ್ಟು ಹಾರ್ತೀಯಾ?"

ಆ ದಾರಿಯನ್ನೂ ನೋಡದೆ ಬಿಡಲಿಲ್ಲ. ಬಿಎಸ್ಸಿ ಮುಗಿದ ಮೇಲೆ ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಬರೆದು ಮೈಸೂರಿನ ಸೆಲೆಕ್ಷನ್ ಬೋರ್ಡಿಗೆ ಎರಡು ಸಲ ಹೋದೆ. ಎರಡು ಸಲವೂ ಮೊದಲ ದಿನ ಮಧ್ಯಾಹ್ನಕ್ಕೇ ಸ್ಕ್ರೀನ್ಡ್ ಔಟ್, ಸಂಜೆ ಬಸ್ಸಿಗೆ ಮಡಿಕೇರಿ. ಅಲ್ಲಿಂದಾಚೆಗೆ ಇದ್ದದ್ದು ದುಡ್ಡು ಕೊಡುವ ದಾರಿ ಮಾತ್ರ. ಈ ದಾರಿಯಲ್ಲಿ ಇರುವವರಿಗೆ ಕ್ಲಾಸ್ 1 ಮೆಡಿಕಲ್, ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ನಂಬರ್ ಅಂದರೇನು ಎಂದು ನಾನು ಹೇಳಬೇಕಾಗಿಲ್ಲ. ನಾನು ಬರೆಯುವುದು ದುಡ್ಡಿನ ವಿಷಯ. ನಾಲ್ಕೂವರೆ ಎಕರೆ ರೊಬಸ್ಟಾ ಕಾಫಿ ಬಿಟ್ಟರೆ ಬೇರೆ ಆದಾಯವಿಲ್ಲದ ಮನೆಯಿಂದ ಇದು ಆಗುವುದಿಲ್ಲ ಎಂದವರು ಒಬ್ಬಿಬ್ಬರಲ್ಲ. ಆಯಿತು. ಎಂಟು ವರ್ಷ ಹಿಡಿಯಿತು, ಆದರೆ ಆಯಿತು.

ಮೊದಲು ಮಾಡಿದ ತಪ್ಪು. 2016ರಲ್ಲಿ ಒಂದು ಫ್ಲೈಯಿಂಗ್ ಶಾಲೆಗೆ 6 ಲಕ್ಷ ಮುಂಗಡ ಕಟ್ಟಿದೆ. ಒಟ್ಟಿಗೆ ಕಟ್ಟಿದರೆ ಗಂಟೆಗೆ ಇಷ್ಟು ಕಡಿಮೆ ಅಂತ ಲೆಕ್ಕ ತೋರಿಸಿದರು, ಕಣ್ಣು ಮುಚ್ಚಿ ನಂಬಿದೆ. ಶೆಡ್ಡಿನಲ್ಲಿ ಮೂರು ವಿಮಾನ ಇದ್ದವು, ಹಾರುವುದು ಒಂದು. ಅದೂ ಎಂಜಿನ್ ಓವರ್‌ಹಾಲಿಗೆ ಹೋಗಿ ನಾಲ್ಕು ತಿಂಗಳು ಬರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ನನ್ನ ಲಾಗ್‌ಬುಕ್ಕಿನಲ್ಲಿ 22 ಗಂಟೆ. ಅಷ್ಟರಲ್ಲಿ ಮೂವರು ಇನ್‌ಸ್ಟ್ರಕ್ಟರ್ ಬದಲಾದರು. ಬಂದ ಪ್ರತಿಯೊಬ್ಬರೂ "ಮೊದಲಿಂದ ನೋಡೋಣ" ಎಂದು ನೇರವಾಗಿ ಒಂದೇ ಎತ್ತರದಲ್ಲಿ ಹಾರುವ ಆರಂಭದ ಪಾಠ, ಸ್ಟ್ರೇಟ್ ಅಂಡ್ ಲೆವೆಲ್‌ನಿಂದ ಶುರು ಮಾಡುತ್ತಿದ್ದರು. ಒಂಟಿಯಾಗಿ ಹಾರುವ ಸೋಲೋ ಅಂತೂ ದೂರವೇ ಉಳಿಯಿತು. ಬಿಟ್ಟು ಬಂದ ಮೇಲೆ ಕಾಗದ ಬರೆದು, ಬಾಗಿಲಲ್ಲಿ ಕೂತು, ಕೊನೆಗೆ 2 ಲಕ್ಷದ ಹತ್ತಿರ ವಾಪಸ್ ಬಂತು. ಅದೂ ಮೂರು ಕಂತಿನಲ್ಲಿ.

ಆ 22 ಗಂಟೆ ಕೊನೆಗೆ ಲೆಕ್ಕಕ್ಕೂ ಬರಲಿಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 5 ವರ್ಷದೊಳಗೆ 200 ಗಂಟೆ ಇರಬೇಕಲ್ಲ? ನಾನು ಅರ್ಜಿ ಹಾಕಿದ್ದು 2024ರಲ್ಲಿ.

ಆ ಶಾಲೆ ಬಿಟ್ಟು ಬಂದಾಗಲೇ ತೀರ್ಮಾನ ಮಾಡಿದೆ: ಇನ್ನು ಮೇಲೆ ಯಾರಿಗೂ ಹತ್ತು ಗಂಟೆಗಿಂತ ಹೆಚ್ಚಿನ ದುಡ್ಡು ಮುಂಗಡ ಕೊಡುವುದಿಲ್ಲ. ಹತ್ತು ಗಂಟೆ ಹಾರಿ, ಲಾಗ್‌ಬುಕ್ಕಿಗೆ ಸಹಿ ಬಿದ್ದ ಮೇಲೆ ಮುಂದಿನ ಹತ್ತಕ್ಕೆ ದುಡ್ಡು. ನಾಲ್ಕು ಶಾಲೆಗೆ ಫೋನು ಮಾಡಿದೆ, ಮೂರು ಕಡೆ ನಕ್ಕರು. ನಾಲ್ಕನೆಯವರು ಒಪ್ಪಿದರು, ಗಂಟೆಗೆ ಸುಮಾರು 800 ರೂಪಾಯಿ ಹೆಚ್ಚು ಹಾಕಿ. ನಾನು ಸರಿ ಎಂದೆ. ಅವರನ್ನು ಹೇಗೆ ಒಪ್ಪಿಸಿದೆ ಎನ್ನುವುದನ್ನು ಬರೆಯುವುದಿಲ್ಲ, ನನ್ನ ತಮ್ಮನ ಗೆಳತಿ ಈಗ ಅದೇ ಶಾಲೆಗೆ ಹೋಗುವವಳಿದ್ದಾಳೆ.

ಆ ಹೊಸ ಶಾಲೆ ಸೇರುವ ಮೊದಲೇ 2018ರ ಆಗಸ್ಟ್ ಬಂತು. ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ಎಲ್ಲರಿಗೂ ಗೊತ್ತು. ನಮ್ಮ ತೋಟದ ಮೇಲ್ಭಾಗ ಒಂದು ಎಕರೆ ಗಿಡ ಸಮೇತ ತೋಡಿಗೆ ಇಳಿಯಿತು. ಮನೆ ಉಳಿಯಿತು. ಆ ವರ್ಷ ವಿಮಾನದ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸಕ್ಕೆ ಸೇರಿದೆ, ತಿಂಗಳಿಗೆ 14 ಸಾವಿರ.

ಆ ಕೆಲಸ ಹಾರಾಟಕ್ಕೆ ಕೊಟ್ಟಷ್ಟನ್ನು ಬೇರೆ ಯಾವುದೂ ಕೊಡಲಿಲ್ಲ, ಸಂಬಳದಿಂದ ಅಲ್ಲ. ಸ್ಯಾಂಪಲ್ ತೆಗೆದು ಮೂಟೆಗೆ ಎಷ್ಟು ಕೆಜಿ ಬೇಳೆ ಬರುತ್ತದೆ ಎನ್ನುವ ಔಟ್‌ಟರ್ನ್ ನೋಡುವುದು, ತೇವಾಂಶ ನೋಡುವುದು ಅಲ್ಲಿ ಕೈಗೆ ಹತ್ತಿತು. ನಮ್ಮೂರಲ್ಲಿ ಸಣ್ಣ ಬೆಳೆಗಾರರು ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ, ಮೂಟೆಯನ್ನು ಕಣದಲ್ಲೇ ಕಣ್ಣಂದಾಜಿಗೆ ಕೊಟ್ಟುಬಿಡುತ್ತಾರೆ. ವ್ಯಾಪಾರಿ 26 ಎಂದರೆ 26. ನಾನು ನಮ್ಮದನ್ನು ಸಿಪ್ಪೆ ತೆಗೆಸಿ (ಹಲ್ ಮಾಡಿಸಿ) ತೂಗಿ ನೋಡಿದರೆ 28ರ ಹತ್ತಿರ ಬಂತು. ಮೂಟೆಗೆ ಎರಡು ಕೆಜಿ ಬೇಳೆ ನಾವು ಬಿಟ್ಟಿ ಕೊಡುತ್ತಿದ್ದೆವು! 70 ಮೂಟೆಗೆ ಎಷ್ಟಾಯಿತು ನೀವೇ ಗುಣಿಸಿ. ಮುಂದಿನ ವರ್ಷ ನಮ್ಮದಲ್ಲದೆ ಅಕ್ಕಪಕ್ಕದ ಐದಾರು ಮನೆಯ ಕಾಫಿಯನ್ನೂ ನಾನೇ ಸ್ಯಾಂಪಲ್ ನೋಡಿ ಮಾರಿಸಿದೆ. ಮೂಟೆಗೆ ಇಷ್ಟು ಅಂತ ನನಗೂ ಬಂತು.

ಬ್ಯಾಂಕಿನ ಕಥೆ ಬೇರೆ. ನಮ್ಮದು ಜಮ್ಮಾ ಬಾಣೆ, ಕುಟುಂಬಕ್ಕೆಲ್ಲ ಸೇರಿ ವಂಶಪಾರಂಪರ್ಯವಾಗಿ ಬಂದ ಭೂಮಿ. ಆರ್‌ಟಿಸಿಯಲ್ಲಿ ಇರುವುದು ಮುತ್ತಜ್ಜನ ಕಾಲದ ಪಟ್ಟೇದಾರರ ಹೆಸರು, ಕೆಳಗೆ ನಮ್ಮಂಥ ಹಕ್ಕುದಾರರು ಒಂದು ಮದುವೆ ಚಪ್ಪರಕ್ಕೆ ಸಾಲುವಷ್ಟು. ಮ್ಯಾನೇಜರ್ ಆರ್‌ಟಿಸಿ ನೋಡಿ, "ಇವರನ್ನು ಕರಕೊಂಡು ಬನ್ನಿ" ಎಂದರು. ಅವರು ತೀರಿಕೊಂಡು ಎಪ್ಪತ್ತು ವರ್ಷವಾಯಿತು ಸಾರ್ ಎಂದೆ. ನಮ್ಮ ಹೆಸರಿನಲ್ಲೇ ಇಲ್ಲದ ಭೂಮಿ, ಅಡವಿಟ್ಟುಕೊಂಡು ಬ್ಯಾಂಕ್ ಏನು ಮಾಡಬೇಕು? ಮೂರು ಬ್ಯಾಂಕ್ ಸುತ್ತಿದ ಮೇಲೆ ಅಡಮಾನವಿಲ್ಲದೆ ಸಿಗುವ ಏಳೂವರೆ ಲಕ್ಷದ ಶಿಕ್ಷಣ ಸಾಲ ಮಾತ್ರ ಸಿಕ್ಕಿತು. ಅದನ್ನೂ ಕಂತಿನಲ್ಲಿ ನೇರ ಶಾಲೆಗೇ ಹಾಕುತ್ತಾರೆ. ನನ್ನ ಹತ್ತು ಗಂಟೆಯ ಪದ್ಧತಿಗೆ ಅದು ಸರಿಯಾಗಿ ಹೊಂದಿಕೊಂಡಿತು.

ಉಳಿದದ್ದು ಎಲ್ಲಿಂದ ಎಂದರೆ, ಮದುವೆಗೆ ಅಂತ ಅವ್ವ ಇಟ್ಟಿದ್ದ 12 ಪವನು ಸಹಕಾರ ಸಂಘದಲ್ಲಿ ಅಡವಿಟ್ಟು 3 ಲಕ್ಷ. ಇಡುವ ದಿನ ಅವ್ವ ಅಂದದ್ದು ಇಷ್ಟೇ, "ಬಿಡಿಸುವ ದುಡ್ಡು ಎಲ್ಲಿ ಉಟ್ಟು?" ಉತ್ತರ ನನ್ನ ಹತ್ತಿರ ಇರಲಿಲ್ಲ. ಸೊನ್ನೆ ಬಡ್ಡಿಯ ಬೆಳೆ ಸಾಲ ಗೊಬ್ಬರಕ್ಕೇ ಹೋಯಿತು, ಗೊಬ್ಬರಕ್ಕೆ ಇಟ್ಟ ದುಡ್ಡು ಹಾರಾಟಕ್ಕೆ ಹೋಯಿತು. ಚೀಟಿ ಒಂದು ಕೂಗಿದೆ, ತುಂಬಾ ಕಡಿಮೆಗೆ ಕೂಗಿದೆ, ಅದರ ಲೆಕ್ಕ ಹೇಳಲಿಕ್ಕೆ ನಾಚಿಕೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಸಿಲ್ವರ್ ಓಕ್. 40 ಮರ ನಿಂತಲ್ಲೇ ಕೊಟ್ಟು 1 ಲಕ್ಷದ 60 ಸಾವಿರ ತೆಗೆದುಕೊಂಡೆ, ಒಂದು ಡಜನ್ ಗಂಟೆ ಹಾರಿದೆ. ಮರದ ಜೊತೆ ಮೆಣಸಿನ ಬಳ್ಳಿಯೂ ಹೋಗುತ್ತದೆ ಅಂತ ಗೊತ್ತಿತ್ತು. ನೆರಳು ಹೋದ ಕಡೆ ಕಾಫಿ ಎಲೆ ಮಾರ್ಚ್ ಬಿಸಿಲಿಗೆ ಹಂಚಿನ ಮೇಲಿಟ್ಟ ಹಾಗೆ ಸುಡುತ್ತದೆ ಅಂತ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿದ್ದೂ ಕಡಿಸಿದೆ. ವರ್ಷಕ್ಕೆ 60–70 ಕೆಜಿ ಮೆಣಸು ಈಗಲೂ ಕಡಿಮೆ. ಮರ ಕಡಿಸುವ ಯೋಚನೆ ಯಾರಿಗಾದರೂ ಇದ್ದರೆ ಅದರ ಬದಲು ಚಿನ್ನ ಇಡಿ.

ಕೋವಿಡ್ ಬಂದು ಶಾಲೆಗಳೆಲ್ಲ ಮುಚ್ಚಿದಾಗ ನಾನು ಮನೆಯಲ್ಲಿ ಪುಸ್ತಕ ಹಿಡಿದೆ. ವಿಮಾನ ಹತ್ತುವ ಮೊದಲೇ ಬರಹದ ಪರೀಕ್ಷೆಗಳನ್ನೆಲ್ಲ ಮುಗಿಸಬೇಕು ಎನ್ನುವುದು ನನ್ನ ಪದ್ಧತಿಯ ಇನ್ನರ್ಧ. ಹಾಸ್ಟೆಲ್ ಬಾಡಿಗೆ ಕೊಟ್ಟುಕೊಂಡು ನ್ಯಾವಿಗೇಷನ್ ಓದುವುದು ನಮ್ಮಂಥವರಿಗಲ್ಲ. ರೆಗ್ಯುಲೇಷನ್ ಮೊದಲ ಸಲಕ್ಕೇ ಆಯಿತು. ನ್ಯಾವಿಗೇಷನ್ ಎರಡು ಸಲ ಹೋಯಿತು, 68 ಒಮ್ಮೆ, 66 ಒಮ್ಮೆ. ಮೆಟಿಯೊರಾಲಜಿಯಲ್ಲಿ 90ರ ಮೇಲೆ ಬಂತು, ಅದಕ್ಕೆ ನಾನು ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ. ನಮ್ಮಪ್ಪ ಮೂವತ್ತು ವರ್ಷದಿಂದ ಮಳೆಮಾಪಕ ನೋಡಿ ಇಂಚು-ಸೆಂಟ್ ಲೆಕ್ಕದಲ್ಲಿ ಡೈರಿ ಬರೆದಿದ್ದಾರೆ. ಕಾಫಿ ಹೂ ಬಿಡಿಸುವ ಹೂಮಳೆ ಯಾವ ವರ್ಷ ಯಾವಾಗ ಬಂತು, ಎಷ್ಟು ಸೆಂಟ್, ಅದರ ಬೆನ್ನಿಗೆ ಬರಬೇಕಾದ ಮಳೆ ಕೈಕೊಟ್ಟದ್ದು ಯಾವಾಗ, ಎಲ್ಲ ಅದರಲ್ಲಿದೆ. ಮುಂಗಾರು ಪೂರ್ವದ ಗುಡುಗು ಮಳೆ ಮಧ್ಯಾಹ್ನದ ಮೇಲೇ ಯಾಕೆ ಕಟ್ಟುತ್ತದೆ ಎನ್ನುವುದು ನನಗೆ ಪುಸ್ತಕಕ್ಕಿಂತ ಮೊದಲು ಆ ಡೈರಿಯಲ್ಲಿ ಸಿಕ್ಕಿತ್ತು.

ಅದೇ ಗುಂಗಿನಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ಫೋನಿನಲ್ಲಿರುವ ಬ್ಯಾರೋಮೀಟರ್ ಇಟ್ಟುಕೊಂಡು ಮಳೆ ಬರುವ ಮೊದಲೇ ಕಣದ ಕಾಫಿಗೆ ಟಾರ್ಪಾಲು ಹೊದೆಸಬಹುದೇ ಎಂದು. ನಮ್ಮ ಮನೆಯ ಎತ್ತರಕ್ಕೆ ಸುಮಾರು 890 ಹೆಕ್ಟೊಪ್ಯಾಸ್ಕಲ್ ತೋರಿಸುತ್ತಿತ್ತು. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಇಳಿಯಿತು, ಓಡಿ ಹೋಗಿ ಮುಚ್ಚಿದೆವು, ಮಳೆ ಇಲ್ಲ. ಮರುದಿನವೂ ಇಳಿಯಿತು, ಮಳೆ ಇಲ್ಲ. ಒಂದು ವಾರ ಆದ ಮೇಲೆ ಪುಸ್ತಕ ತೆಗೆದು ನೋಡಿದರೆ ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು ಮಾಮೂಲು. ಬೆಳಿಗ್ಗೆ ಹತ್ತಕ್ಕೆ ಮೇಲೆ, ಸಂಜೆ ನಾಲ್ಕಕ್ಕೆ ಕೆಳಗೆ. ಅಪ್ಪ ಆಕಾಶ ನೋಡಿ ಹೇಳುವುದೇ ವಾಸಿ ಎಂದು ಎಲ್ಲರೂ ನಕ್ಕರು. ಪರೀಕ್ಷೆಯಲ್ಲಿ ಮಾತ್ರ ಆ ಪ್ರಶ್ನೆ ಬಂತು.

ಕಣದ ಇನ್ನೊಂದು ಉಪಯೋಗ ಕೈಹಿಡಿಯಿತು. ಮಳೆಗಾಲದಲ್ಲಿ ಖಾಲಿ ಬಿದ್ದಿರುವ ಕಾಫಿ ಕಣದ ಮೇಲೆ ಸುಣ್ಣದಲ್ಲಿ ರನ್‌ವೇ ಎಳೆದೆ, 09 ಈ ಕಡೆ, 27 ಆ ಕಡೆ. ಕೊಡೆ ಹಿಡಿದುಕೊಂಡು ಸರ್ಕ್ಯೂಟ್, ಅಂದರೆ ವಿಮಾನ ಇಳಿಯಲಿಕ್ಕೆ ರನ್‌ವೇಗೆ ಹಾಕುವ ಸುತ್ತು, ನಡೆಯುವುದು. ಡೌನ್‌ವಿಂಡ್‌ನಲ್ಲಿ ಚೆಕ್ ಬಾಯಲ್ಲಿ ಹೇಳಿ, ಬೇಸ್‌ಗೆ ತಿರುಗಿ, ಫೈನಲ್‌ನಲ್ಲಿ ಕರೆ ಕೊಡುವುದು. ತಮ್ಮ ಜಗಲಿಯಲ್ಲಿ ಕೂತು ಫೋನಿನಲ್ಲಿ ಟವರ್ ಆಗುತ್ತಿದ್ದ. ಬೇಕೆಂದೇ ಗೋ ಅರೌಂಡ್ (ಇಳಿಯದೆ ಮತ್ತೆ ಸುತ್ತಿ ಬಾ) ಕೊಡುತ್ತಿದ್ದ, ಕೆಲವು ದಿನ ಏಳೆಂಟು ಸಲ. ಕೆಲಸದ ಹೆಂಗಸರು "ಅಕ್ಕನಿಗೆ ಏನೋ ಆಗಿದೆ" ಅಂತ ಮಾತಾಡಿಕೊಂಡರು. ರೇಡಿಯೊದಲ್ಲಿ ಮಾತಾಡುವ ಲೈಸೆನ್ಸಿನ ಪರೀಕ್ಷೆ ಆರ್‌ಟಿಆರ್ ಒಮ್ಮೆ ಪಾರ್ಟ್ 2ರಲ್ಲಿ ಹೋಗಿ ಎರಡನೇ ಸಲ ಆಯಿತು. ಮುಂದೆ ಹೊಸ ಶಾಲೆಯಲ್ಲಿ 17ನೇ ಗಂಟೆಗೆ ಸೋಲೋ ಬಿಟ್ಟರು. ಆ ಬ್ಯಾಚಿನಲ್ಲಿ ನನಗಿಂತ ಮೊದಲು ಹೋದವನು ಒಬ್ಬನೇ.

ಕ್ಲಾಸ್ 1 ಬಗ್ಗೆ ಒಂದೇ ಮಾತು. ಮಡಿಕೇರಿಯಿಂದ ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ನೇರ ಬೆಂಗಳೂರಿನಲ್ಲಿ ಮೆಡಿಕಲ್‌ಗೆ ನಿಂತೆ. ನಿದ್ದೆ ಇಲ್ಲ, ಬಿಪಿ ಮೇಲೆ, ತಾತ್ಕಾಲಿಕ ಅನ್‌ಫಿಟ್. ಅದನ್ನು ಸರಿಪಡಿಸಲು ಮೂರು ತಿಂಗಳು. ಒಂದು ದಿನ ಮೊದಲೇ ಹೋಗಿ ಮಲಗಿ.

2021ರ ಅಕ್ಟೋಬರಿನಲ್ಲಿ ಸೇರಿದೆ. ಊರನ್ನು ಆರಿಸಿದ್ದು ಮಳೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕೆಳಗೆ ಕೂತು ಹಾಸ್ಟೆಲ್ ಬಾಡಿಗೆ ಕೊಡುವ ಶಕ್ತಿ ನನಗಿರಲಿಲ್ಲ. ಮಳೆ ಕಡಿಮೆಯ ಬಯಲು ಸೀಮೆ. ಅಲ್ಲಿ ಬಿಸಿಲಿಗೆ ಹನ್ನೊಂದರ ಮೇಲೆ ವಿಮಾನ ಮೇಲೇಳುವುದೇ ಬೇಡ ಎನ್ನುತ್ತದೆ, ಹಾಗಾಗಿ ಬೆಳಗಿನ ಆರರ ಸಾರ್ಟಿಗೆ (ಹಾರಾಟದ ಸರದಿಗೆ) ಜಗಳ. ಆರರ ಸಾರ್ಟಿ ನನಗೆ ಹೆಚ್ಚು ಸಿಗುತ್ತಿತ್ತು. ಹೇಗೆ ಅಂತ ಕೇಳಬೇಡಿ, ಅದರಲ್ಲಿ ನಮ್ಮ ಮನೆಯ ಕಾಫಿ ಪುಡಿಯ ಪಾಲು ಇದೆ ಎಂದಷ್ಟೇ ಹೇಳಬಹುದು.

ಜನವರಿಯಲ್ಲಿ ದುಡ್ಡು ಖಾಲಿಯಾದರೆ ಊರಿಗೆ ಬರುವುದು, ಕುಯ್ಲು ನೋಡಿಕೊಳ್ಳುವುದು, ಚೆರಿ ಒಣಗಿಸಿ ಮಾರಿ ಏಪ್ರಿಲ್‌ನಲ್ಲಿ ಮತ್ತೆ ಹೋಗುವುದು. ಪ್ರತಿ ಸಲ ಮರಳಿದಾಗ ಎರಡು ಮೂರು ಗಂಟೆ ಕೈ ಕುದುರಿಸಲಿಕ್ಕೇ ಹೋಗುತ್ತದೆ, ಅದೂ ನನ್ನ ದುಡ್ಡೇ. ಈ ಪದ್ಧತಿಯ ಬಡ್ಡಿ ಅದು. ನನ್ನನ್ನು ನಿಜವಾಗಿ ಸುಟ್ಟದ್ದು ರಾತ್ರಿ ಹಾರಾಟ. 2023ರ ನವೆಂಬರಿನಲ್ಲಿ 5 ಗಂಟೆ, 10 ಟೇಕಾಫ್, 10 ಲ್ಯಾಂಡಿಂಗ್ ಚೆನ್ನಾಗಿ ಮುಗಿಸಿದೆ. ಮಲ್ಟಿ, ಅಂದರೆ ಒಂದಕ್ಕಿಂತ ಹೆಚ್ಚು ಎಂಜಿನ್ ಇರುವ ವಿಮಾನದ ಗಂಟೆಗಳಿಗೆ ದುಡ್ಡಿಲ್ಲದೆ ಊರಿಗೆ ಬಂದೆ. ಅರ್ಜಿ ಹಾಕುವ ಹೊತ್ತಿಗೆ ರಾತ್ರಿ ಹಾರಾಟಕ್ಕಿದ್ದ ಆರು ತಿಂಗಳ ಗಡುವು ದಾಟಿತ್ತು. ಅದೇ 5 ಗಂಟೆ ಮತ್ತೆ, 70 ಸಾವಿರ. ರಾತ್ರಿಯನ್ನು ಕೊನೆಗೆ ಇಟ್ಟುಕೊಳ್ಳಿ, ಎಲ್ಲ ದುಡ್ಡು ಕೈಗೆ ಬಂದ ಮೇಲೆ.

ಆ ದುಡ್ಡು ಬಂದದ್ದು ಹೇಗೆಂದರೆ, 2024ರ ಜನವರಿಯಲ್ಲಿ ಚೆರಿ ಮೂಟೆಗೆ 7 ಸಾವಿರದ ಆಚೀಚೆ ಇತ್ತು. ಅದುವರೆಗೆ ಕಂಡಿರದ ಬೆಲೆ ಅಂತ ಊರೆಲ್ಲ ಕೊಟ್ಟಿತು. ಅಪ್ಪನೂ ಕೊಡೋಣ ಎಂದರು. ವಿಯೆಟ್ನಾಂನಲ್ಲಿ ಬೆಳೆ ಕಮ್ಮಿ ಎನ್ನುವ ಮಾತು ಕ್ಯೂರಿಂಗ್ ವರ್ಕ್ಸ್‌ನ ಹಳೆಯ ಸ್ನೇಹಿತರಿಂದ ಕೇಳಿದ್ದೆ. ಇಟ್ಟುಕೊಂಡೆ. ಮನೆಯಲ್ಲಿ ಒಂದು ತಿಂಗಳು ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಏಪ್ರಿಲ್‌ನಲ್ಲಿ 10 ಸಾವಿರಕ್ಕೆ ನೂರಿನ್ನೂರು ಕಡಿಮೆಗೆ ಕೊಟ್ಟೆ. ಮೇ ತಿಂಗಳಲ್ಲಿ ಮಲ್ಟಿ ಹತ್ತಿದೆ.

ಒಟ್ಟು ಲೆಕ್ಕ, ನೆನಪಿನಿಂದ: ಸಿಂಗಲ್ ಎಂಜಿನ್ 185 ಗಂಟೆಗೆ 24 ಲಕ್ಷದ ಹತ್ತಿರ, ಮಲ್ಟಿ 15 ಗಂಟೆಗೆ 6 ಲಕ್ಷ, ಸಿಮ್ಯುಲೇಟರ್ 1 ಲಕ್ಷ, ಬಾಡಿಗೆ ಊಟ 4 ಲಕ್ಷ, ಪರೀಕ್ಷೆ ಮೆಡಿಕಲ್ ಓಡಾಟ ಎಲ್ಲ ಸೇರಿ ಒಂದೂವರೆ, ಎರಡನೇ ರಾತ್ರಿಯ 70 ಸಾವಿರ, ಮೊದಲ ಶಾಲೆಯಲ್ಲಿ ಮುಳುಗಿದ್ದು 4 ಲಕ್ಷ. ಕೊನೆಯಲ್ಲಿ 5 ಲಕ್ಷ ಕಡಿಮೆ ಬಿತ್ತು. ಅದನ್ನು ಕೊಟ್ಟವರು ದೊಡ್ಡಪ್ಪ. ಕೇಳದೆಯೇ ಚೆಕ್ ಬರೆದು ಅವ್ವನ ಕೈಗೆ ಕೊಟ್ಟು ಹೋಗಿದ್ದರು.

ಲೈಸೆನ್ಸ್ ಕೈಗೆ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಅದಾದ ಮೇಲೆ ಒಂಬತ್ತು ತಿಂಗಳು ಕೆಲಸವಿಲ್ಲ. ನ್ಯಾವಿಗೇಷನ್‌ನಲ್ಲಿ ಎರಡು ಸಲ ಬಿದ್ದ ನಾನೇ ಹುಡುಗರಿಗೆ ನ್ಯಾವಿಗೇಷನ್ ಪಾಠ ಹೇಳಿ ತಿಂಗಳಿಗೆ 20 ಸಾವಿರ ದುಡಿದೆ. ಈಗ ವಿಮಾನ ಕಂಪನಿಯೊಂದರ ಎಟಿಆರ್‌ನಲ್ಲಿ ಬಲಗಡೆ, ಕೋ-ಪೈಲಟ್ ಸೀಟಿನಲ್ಲಿ ಕೂರುತ್ತೇನೆ. ಆ ವಿಮಾನಕ್ಕೆ ಬೇಕಾದ ತರಬೇತಿ, ಟೈಪ್ ರೇಟಿಂಗ್, ಕಂಪನಿಯೇ ಮಾಡಿಸಿತು, ಬಾಂಡ್ ಬರೆಸಿಕೊಂಡಿದೆ, ಅದರ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತದೆ. ಶಿಕ್ಷಣ ಸಾಲದ ಕಂತೂ ಓಡುತ್ತಿದೆ. ಚಿನ್ನದಲ್ಲಿ ಅರ್ಧ ಬಿಡಿಸಿದ್ದೇನೆ.

ಮೊದಲ ಸಂಬಳ ಬಂದ ವಾರ ದೊಡ್ಡಪ್ಪನ ಮನೆಗೆ ಹೋಗಿದ್ದೆ. "ಈಗ ಅವರು ಕೊಡ್ತಾರಾ, ಇನ್ನೂ ನೀನೇ ಕೊಡ್ತೀಯಾ?" ಎಂದು ಕೇಳಿದರು.

"ಸದ್ಯಕ್ಕೆ ಎರಡೂ ಉಂಟು ದೊಡ್ಡಪ್ಪ" ಎಂದೆ.